ಆಟದ ಪೆಟ್ಟಿಗೆಯ ಜೀರ್ಣೋದ್ಧಾರ

ನನ್ನ ಅಕ್ಕನ ಮನೆಯಲ್ಲಿ, ಅವಳ ಮಗನ ಕೋಣೆಯ ಮೂಲೆಯಲ್ಲಿ, ಕಿಟಕಿಯಾಚೆಯ ರಸ್ತೆಯ ಧೂಳನ್ನು ಎಂಟು ವರ್ಷಗಳಿಂದ ನಿಷ್ಠೆಯಿಂದ ಒಳಗೆಳೆದುಕೊಳ್ಳುತ್ತ ನಿಂತಿರುವ ಕಪ್ಪು ಕ್ಯಾಬಿನೆಟ್ಟೊಂದಿದೆ. ಹುಡುಗ ಎಂಟನೆಯ ತರಗತಿಯಲ್ಲಿದ್ದಾಗ, 2017ರ ಕೊನೆಯಲ್ಲಿ, ಬೆಂಗಳೂರಿನ ಎಸ್. ಪಿ. ರಸ್ತೆಯ ಅಂಗಡಿಗಳನ್ನು ಎರಡು ಶನಿವಾರ ಅಲೆದು, ಬಿಡಿಭಾಗಗಳನ್ನು ಒಂದೊಂದಾಗಿ ಆಯ್ದು, ನಾನೂ ಅವನೂ ಕೂಡಿ ಜೋಡಿಸಿದ ಗಣಕಯಂತ್ರ ಅದು. ಹೆಸರಿಗೆ ವಿದ್ಯಾಭ್ಯಾಸಕ್ಕೆಂದು ಬಂದುದಾದರೂ ವಸ್ತುತಃ ಆಟಕ್ಕೆಂದೇ ಬಂದುದೆಂಬುದು ಮನೆಯವರೆಲ್ಲ ಬಲ್ಲ, ಆದರೆ ಯಾರೂ ಬಾಯಿಬಿಟ್ಟು ಆಡದ ಸತ್ಯವಾಗಿತ್ತು. ಅಂದು ಮಿರಮಿರನೆ ಮಿಂಚುತ್ತಿದ್ದ ಆ ಯಂತ್ರ ಇಂದಿನ ಆಟಗಳ ಮುಂದೆ ಏದುಸಿರು ಬಿಡತೊಡಗಿದುದರಿಂದ, 2025ರ ಬೇಸಗೆಯ ಒಂದು ಭಾನುವಾರ ನಾನು ಅಲ್ಲಿಗೆ ಊಟಕ್ಕೆ ಹೋಗಿದ್ದಾಗ, ಆಗ ಇಂಜಿನಿಯರಿಂಗಿನ ಕೊನೆಯ ವರ್ಷಕ್ಕೆ ಕಾಲಿಡಲಿದ್ದ ಆ ಮಹರಾಯ ತನ್ನ ಅರ್ಜಿಯನ್ನು ಸಲ್ಲಿಸಿದ.

"ಮಾವ, ಇದರ ಕಥೆ ಮುಗೀತು. ಗುಜರಿಗೆ ಹಾಕಿ ಹೊಸದು ತಗೊಂಡ್ಬಿಡೋಣ. ಅಮ್ಮನಿಗೆ ನೀವೇ ಹೇಳಿ."

ಅಡಿಗೆಮನೆಯಿಂದಲೇ ಅಕ್ಕನ ತೀರ್ಪು ಬಂತು: "ಮೂವತ್ತು ಸಾವಿರದ ಮೇಲೆ ಒಂದು ಕಾಸೂ ಬಿಚ್ಚಲ್ಲ. ಅದರಲ್ಲೇನು ಆಗತ್ತೋ ಮಾಡ್ಕೊಳ್ಳಿ, ಮಾವ ಅಳಿಯ ಇಬ್ಬರೂ ಸೇರಿ."

ಮೂವತ್ತು ಸಾವಿರಕ್ಕೆ ಆಟಕ್ಕೆ ತಕ್ಕ ಹೊಸ ಯಂತ್ರ ಬಾರದು. ಬಂದರೂ ಹಳೆಯದಕ್ಕಿಂತ ಹೆಚ್ಚೇನೂ ಮೇಲಾಗಿರದು. ಆದರೆ ಜೀರ್ಣವಾದ ಗುಡಿಯನ್ನು ಕಂಡೊಡನೆ ಅದನ್ನು ಕೆಡವಿ ಬೇರೊಂದನ್ನು ಕಟ್ಟುವುದು ತಿಳಿದ ಶಿಲ್ಪಿಯ ಪದ್ಧತಿಯಲ್ಲವಷ್ಟೆ. ಅಧಿಷ್ಠಾನ ಗಟ್ಟಿಯಾಗಿದೆಯೆ, ಸೋರುವುದು ಯಾವ ಕಲ್ಲಿನ ಸಂದಿನಲ್ಲಿ, ಬಿರಿದಿರುವ ತೊಲೆ ಯಾವುದು ಎಂದು ಮೊದಲು ನೋಡಿ, ಆ ಬಳಿಕವೇ ಅವನು ಉಳಿಗೆ ಕೈ ಹಾಕುತ್ತಾನೆ. ಗಣಕಯಂತ್ರಗಳ ಸಹವಾಸದಲ್ಲೇ ತಲೆ ನರೆತವನಾದ ನನಗೆ ಈ ಪೆಟ್ಟಿಗೆಯ ಅಧಿಷ್ಠಾನ ಗಟ್ಟಿಯಾಗಿಯೇ ಇದೆಯೆಂಬ ಗುಮಾನಿಯಿತ್ತು.

ಒಳಗಿದ್ದುದು ಇಷ್ಟು: ಎಎಂಡಿ ಕಂಪನಿಯ ರೈಜನ್ 5 1600 ಎಂಬ ಆರು ಕೋರ್‌ಗಳ ಪ್ರೊಸೆಸರ್, ಅದನ್ನು ಹೊತ್ತ ಬಿ350 ಮದರ್‌ಬೋರ್ಡ್, 8 ಜಿಬಿಯ ಒಂದೇ ಒಂದು ರ‍್ಯಾಮ್ ಕಡ್ಡಿ, 1 ಟಿಬಿಯ ಹಾರ್ಡ್ ಡಿಸ್ಕ್, 4 ಜಿಬಿ ಮೆಮೊರಿಯ ಜಿಟಿಎಕ್ಸ್ 1050 ಟಿಐ ಗ್ರಾಫಿಕ್ಸ್ ಕಾರ್ಡ್, ಮತ್ತು, ಅಂದಿನ ನಮ್ಮ ಜಿಪುಣತನಕ್ಕೆ ಸಾಕ್ಷಿಯಾಗಿ, ಕ್ಯಾಬಿನೆಟ್ಟಿನ ಜೊತೆಗೇ ಬಿಟ್ಟಿಯಾಗಿ ಬಂದ, ಮೈಮೇಲೆ 450 ವ್ಯಾಟ್ ಎಂದು ಬರೆದುಕೊಂಡಿದ್ದ, ವಿದ್ಯುತ್ ಪೂರೈಸುವ ಎಸ್‌ಎಂಪಿಎಸ್.

ಮದುವೆಮನೆಯ ಪಂಕ್ತಿಯಲ್ಲಿ ಕುಳಿತವರಿಗೆಲ್ಲ ಈ ಅನುಭವವುಂಟು: ಎಲೆ ಹಾಕಿಯಾಗಿದೆ, ಪಲ್ಯ ಕೋಸಂಬರಿಗಳು ಬಂದಾಗಿವೆ, ಬಿಸಿ ಅನ್ನವೂ ಬಿದ್ದಿದೆ, ಸಾರಿನ ಬಕೆಟ್ಟು ಮಾತ್ರ ಇನ್ನೂ ಆ ತುದಿಯಲ್ಲಿದೆ. ಆ ಗಳಿಗೆಯಲ್ಲಿ ಅನ್ನ ಬಡಿಸುವುದಕ್ಕೆ ಇನ್ನಿಬ್ಬರನ್ನು ನೇಮಿಸುವ ಯಜಮಾನನ ಔದಾರ್ಯದಿಂದ ಅತಿಥಿಗಳ ಊಟ ಒಂದು ತುತ್ತೂ ಮುಂದೆ ಸಾಗದು. ಆಟದ ಯಂತ್ರದೊಳಗೆ ನಡೆಯುವುದೂ ಇಂಥದೇ ಪಂಕ್ತಿ. ಆಟದ ಲೋಕದಲ್ಲಿ ಯಾರು ಎಲ್ಲಿ ನಿಂತಿದ್ದಾರೆ, ಹಾರಿಸಿದ ಗುಂಡು ಎಲ್ಲಿಗೆ ತಾಗಿತು, ತಿರುವಿನಲ್ಲಿ ಬರುತ್ತಿರುವ ವಾಹನ ಯಾವ ಕಡೆಗೆ ಹೊರಳಿತು ಎಂಬ ಲೆಕ್ಕವನ್ನೆಲ್ಲ ಪ್ರೊಸೆಸರ್ ಮಾಡಿ ಕೊಡುತ್ತದೆ. ಆ ಲೆಕ್ಕಕ್ಕೆ ತಕ್ಕ ಚಿತ್ರವನ್ನು ಗ್ರಾಫಿಕ್ಸ್ ಕಾರ್ಡ್ ಬರೆಯುತ್ತದೆ. ಹಾಗೆ ಬರೆದ ಒಂದೊಂದು ಚಿತ್ರವೂ ಒಂದು ಫ್ರೇಮು. ಸೆಕೆಂಡಿಗೆ 60 ಫ್ರೇಮು ಬೇಕೆಂದರೆ ಒಂದೊಂದಕ್ಕೆ ದೊರೆಯುವ ಅವಕಾಶ 16.7 ಮಿಲಿಸೆಕೆಂಡು. ಪ್ರೊಸೆಸರ್ ತನ್ನ ಪಾಲನ್ನು 12 ಮಿಲಿಸೆಕೆಂಡಿನಲ್ಲಿ ಮುಗಿಸಿ ಕೈಕಟ್ಟಿ ಕುಳಿತರೂ, ಗ್ರಾಫಿಕ್ಸ್ ಕಾರ್ಡ್ ತನ್ನ ಪಾಲಿಗೆ 33 ತೆಗೆದುಕೊಳ್ಳುವುದಾದರೆ ನಮಗೆ ಸಿಕ್ಕುವುದು ಸೆಕೆಂಡಿಗೆ ಮೂವತ್ತೇ ಫ್ರೇಮು. ಬೃಹಸ್ಪತಿಯಂಥ ಪ್ರೊಸೆಸರನ್ನು ತಂದು ಕೂರಿಸಿದರೂ ಮೂವತ್ತೊಂದನೆಯದು ಬಾರದು. 1967ರಲ್ಲಿ ಜೀನ್ ಆಮ್ಡಾಲ್ ಎಂಬ ಅಮೆರಿಕದ ಗಣಕಶಿಲ್ಪಿ ಇದಕ್ಕೆ ಸೋದರಸಂಬಂಧಿಯಾದ ತತ್ತ್ವವೊಂದನ್ನು ಮುಂದಿಟ್ಟರು: ಕೆಲಸದ ಅರ್ಧ ಭಾಗ ಇದ್ದಂತೆಯೇ ಉಳಿದರೆ, ಮಿಕ್ಕ ಅರ್ಧವನ್ನು ಎಷ್ಟೇ ಚುರುಕುಗೊಳಿಸಿದರೂ ಒಟ್ಟು ಕೆಲಸದ ವೇಗ ಇಮ್ಮಡಿಯನ್ನು ಮೀರದು. ಅಂಗಡಿಯಲ್ಲಿ ನಿಂತು "ಒಳ್ಳೆ ಗ್ರಾಫಿಕ್ಸ್ ಕಾರ್ಡ್ ಒಂದು ಕೊಡಿ" ಎನ್ನುವವರಲ್ಲಿ ಬಹುಮಂದಿ ತಮ್ಮ ಮನೆಯ ಪಂಕ್ತಿಯಲ್ಲಿ ತಡವಾಗುತ್ತಿರುವುದು ಅನ್ನವೋ ಸಾರೋ ಎಂಬುದನ್ನು ನೋಡಿಕೊಂಡು ಬಂದವರಲ್ಲ.

ನಾವು ಪರದೆಯ ಮೂಲೆಯಲ್ಲಿ ಅಂಕಿಗಳು ಮೂಡುವಂತೆ ಮಾಡಿಕೊಂಡು ಎರಡು ಸಂಜೆ ಆಟವನ್ನು ಪರೀಕ್ಷಿಸಿದೆವು. ಅಂದರೆ ಅವನು ಆಡಿದ, ನಾನು ಕನ್ನಡಕ ಏರಿಸಿಕೊಂಡು ಅಂಕಿಗಳನ್ನು ಬರೆದುಕೊಂಡೆ. ಸೈಬರ್‌ಪಂಕ್ 2077 ಎಂಬ, 2020ರಲ್ಲಿ ಹೊರಬಂದು ಇಂದಿಗೂ ಯಂತ್ರಗಳ ಬೆವರಿಳಿಸುವ ಆಟದಲ್ಲಿ ಗ್ರಾಫಿಕ್ಸ್ ಕಾರ್ಡ್ ಶೇಕಡಾ 99 ದುಡಿಯುತ್ತ ಸೆಕೆಂಡಿಗೆ ಮೂವತ್ತರ ಆಸುಪಾಸಿನಲ್ಲಿ ತೆವಳುತ್ತಿತ್ತು. ಕೌಂಟರ್ ಸ್ಟ್ರೈಕ್ 2ರಲ್ಲಿ ಚಿತ್ರದ ಗುಣಮಟ್ಟವನ್ನು ತಗ್ಗಿಸಿದಾಗ ಪಾತ್ರಗಳು ಅದಲುಬದಲಾದುವು: ಅಲ್ಲಿ ಗ್ರಾಫಿಕ್ಸ್ ಕಾರ್ಡ್ ಆಗಾಗ ಬಿಡುವಾಗಿ ಕುಳಿತಿರುತ್ತಿತ್ತು, ಪ್ರೊಸೆಸರ್ ಏಗಲಾರದೆ ಏಗುತ್ತಿತ್ತು. ಇವೆರಡಕ್ಕಿಂತಲೂ ಹುಡುಗನನ್ನು ಹೆಚ್ಚು ಕಾಡುತ್ತಿದ್ದುದು ಮೂರನೆಯದೊಂದು ಬಾಧೆ: ಆಟದ ನಗರದಲ್ಲಿ ವಾಹನವನ್ನು ವೇಗವಾಗಿ ಓಡಿಸುವಾಗ ಇದ್ದಕ್ಕಿದ್ದಂತೆ ಲೋಕವೆಲ್ಲ ಅರ್ಧ ಸೆಕೆಂಡು ಸ್ತಬ್ಧವಾಗಿ, ಮತ್ತೆ ಧಡಕ್ಕನೆ ಮುಂದಕ್ಕೆ ಹಾರುತ್ತಿತ್ತು.

ಈ ಮೂರನೆಯದನ್ನು ಕುರಿತು ಒಂದು ಮಾತನ್ನು ನಿಧಾನವಾಗಿಯೇ ಹೇಳಬೇಕಾಗಿದೆ, ಏಕೆಂದರೆ ಜಾಹೀರಾತುಗಳೂ ಅಂಗಡಿಯವರೂ ಸರಾಸರಿಯ ಅಂಕಿಯೊಂದನ್ನೇ ಮುಂದೆ ಹಿಡಿದು ನಮ್ಮನ್ನು ಮರುಳುಗೊಳಿಸುವುದುಂಟು. ಐವತ್ತೊಂಬತ್ತು ಫ್ರೇಮುಗಳು ಎಂಟೆಂಟು ಮಿಲಿಸೆಕೆಂಡಿನಲ್ಲಿ ಬಂದು ಅರುವತ್ತನೆಯದು ಅರ್ಧ ಸೆಕೆಂಡು ತಡೆದರೂ ಲೆಕ್ಕದ ಪುಸ್ತಕದಲ್ಲಿ ಸೆಕೆಂಡಿಗೆ ಅರುವತ್ತೇ. ಆದರೆ ಆಡುವವನ ಪಾಲಿಗೆ ಆ ಒಂದು ಸೆಕೆಂಡು ಹಾಳಾದಂತೆಯೇ. ಕಚೇರಿಯಲ್ಲಿ ಮೃದಂಗದವನು ಆವರ್ತದ ಕೊನೆಗೆ ಹೇಗೋ ಸಮಕ್ಕೆ ಬಂದು ಕೂಡಿಕೊಂಡನೆಂಬ ಮಾತ್ರಕ್ಕೆ ನಡುವೆ ಓಡಿದುದನ್ನೂ ಎಳೆದುದನ್ನೂ ರಸಿಕರು ಕ್ಷಮಿಸುವರೆ? ಕಾಲಪ್ರಮಾಣವೆಂಬುದು ಸರಾಸರಿಯ ವಿಷಯವಲ್ಲ. ಒಂದೇ ಸಮನೆ ಸೆಕೆಂಡಿಗೆ 45 ಫ್ರೇಮು ಕೊಡುವ ಯಂತ್ರ, ತೊಂಬತ್ತಕ್ಕೆ ಹಾರಿ ಹತ್ತಕ್ಕೆ ಬೀಳುವ ಯಂತ್ರಕ್ಕಿಂತ ನೂರು ಪಾಲು ಸುಖಕರ. ಬಲ್ಲ ಪರೀಕ್ಷಕರು ಸರಾಸರಿಯ ಪಕ್ಕದಲ್ಲಿ ಅತ್ಯಂತ ನಿಧಾನವಾದ ಶೇಕಡಾ ಒಂದರಷ್ಟು ಫ್ರೇಮುಗಳ ಲೆಕ್ಕವನ್ನೂ ಕೊಡುವುದು ಈ ಕಾರಣದಿಂದಲೇ.

ಕಾಸಿಲ್ಲದ ಚಿಕಿತ್ಸೆಗಳನ್ನು ಮೊದಲು ಮಾಡಿದೆವು. ಪೆಟ್ಟಿಗೆಯನ್ನು ಮಾಳಿಗೆಗೆ ಹೊತ್ತು, ಫ್ಯಾನುಗಳು ಗಾಳಿಯ ರಭಸಕ್ಕೆ ಹುಚ್ಚಾಗಿ ತಿರುಗದಂತೆ ಬೆರಳಿನಿಂದ ತಡೆಹಿಡಿದು, ಬ್ಲೋಯರಿನಿಂದ ಊದಿದಾಗ ಎದ್ದ ಧೂಳಿನಲ್ಲಿ ಪಕ್ಕದ ಮನೆಯವರು ಒಣಹಾಕಿದ್ದ ಬಟ್ಟೆಗಳು ಮೈಲಿಗೆಯಾದುವು. ಆ ಪ್ರಕರಣವನ್ನು ಇಲ್ಲಿ ಬೆಳೆಸುವುದಿಲ್ಲ. ಬೋರ್ಡಿನ ಮೂಲ ತಂತ್ರಾಂಶವಾದ ಬಯಾಸನ್ನು ತೆರೆದು ನೋಡಿದಾಗ ಇನ್ನೊಂದು ನಾಚಿಕೆಗೇಡು ಹೊರಬಿತ್ತು: 3000ದ ವೇಗಕ್ಕೆಂದು ಹಣ ಕೊಟ್ಟು ತಂದ ರ‍್ಯಾಮ್ ಕಡ್ಡಿ ಎಂಟು ವರ್ಷವೂ 2133ರಲ್ಲಿಯೇ ಓಡಿತ್ತು. ರ‍್ಯಾಮ್ ತನ್ನ ಪೂರ್ಣ ವೇಗಕ್ಕೆ ತಾನಾಗಿಯೇ ಏರುವುದಿಲ್ಲ. ಎಕ್ಸ್‌ಎಂಪಿ ಎಂಬ ಆಯ್ಕೆಯನ್ನು ನಾವೇ ಒತ್ತಿ ಹೇಳಬೇಕು. ರೈಜನ್ ಪ್ರೊಸೆಸರುಗಳಲ್ಲಿ ಒಳಭಾಗಗಳನ್ನು ಬೆಸೆಯುವ ದಾರಿಯ ವೇಗವೂ ರ‍್ಯಾಮಿನ ವೇಗಕ್ಕೆ ಕಟ್ಟಿಕೊಂಡಿರುವುದರಿಂದ ನಷ್ಟ ಇಮ್ಮಡಿಯಾಗಿತ್ತು. ಇವನ್ನೆಲ್ಲ 2017ರಲ್ಲಿ ನೋಡಬೇಕಾಗಿದ್ದವನು ನಾನೇ ಆದುದರಿಂದ ಅಳಿಯನ ಮುಂದೆ ಈ ವಿಷಯವನ್ನು ಹೆಚ್ಚು ವಿಸ್ತರಿಸಲಿಲ್ಲ.

ದುಡ್ಡಿನ ಕೆಲಸದಲ್ಲಿ ಮೊದಲ ಸರದಿ ರ‍್ಯಾಮಿನದು. ಇದ್ದ ಕಡ್ಡಿಗೆ ಜೊತೆಯಾಗಿ ಅಂಥದೇ 8 ಜಿಬಿಯ ಇನ್ನೊಂದನ್ನು ತಂದು, ಪ್ರೊಸೆಸರಿನಿಂದ ಎಣಿಸಿದರೆ ಎರಡನೆಯ ಮತ್ತು ನಾಲ್ಕನೆಯ ಕಂಡಿಗಳಲ್ಲಿ ಕೂರಿಸಿದೆವು. ಇದರಿಂದ ಸ್ಥಳ ಇಮ್ಮಡಿಯಾದುದಷ್ಟೇ ಅಲ್ಲದೆ, ಒಂಟಿ ದಾರಿಯಲ್ಲಿ ನಡೆಯುತ್ತಿದ್ದ ಸಂಚಾರ ಜೋಡಿ ದಾರಿಗೆ ಬಂತು. ನಾವು ಕೊಂಡುದು ಒಳ್ಳೆಯ ಮುಹೂರ್ತದಲ್ಲಿ. ಕೃತಕ ಬುದ್ಧಿಮತ್ತೆಯ ಡೇಟಾ ಸೆಂಟರುಗಳು ಜಗತ್ತಿನ ಮೆಮೊರಿ ಚಿಪ್ಪುಗಳನ್ನೆಲ್ಲ ಬಾಚತೊಡಗಿ 2025ರ ಕೊನೆಯ ತಿಂಗಳುಗಳಲ್ಲಿ ರ‍್ಯಾಮಿನ ಬೆಲೆ ಮುಗಿಲಿಗೇರಿತು. ಈಗ ಕೊಳ್ಳುವವರು ಬಳಸಿದ ಡಿಡಿಆರ್4 ಕಡ್ಡಿಯನ್ನು ಹುಡುಕುವುದೇ ಲೇಸು. ರ‍್ಯಾಮ್ ಸುಲಭವಾಗಿ ಸವೆಯುವ ವಸ್ತುವಲ್ಲ.

ಸ್ತಬ್ಧತೆಯ ಬಾಧೆಗೆ ಮುಖ್ಯ ಕಾರಣ ಹಾರ್ಡ್ ಡಿಸ್ಕು. ನಿಮಿಷಕ್ಕೆ 7200 ಸುತ್ತು ತಿರುಗುವ ಆ ತಟ್ಟೆಗೆ ಒಂದು ಸುತ್ತಿಗೆ 8.3 ಮಿಲಿಸೆಕೆಂಡು ಬೇಕು; ಸೂಜಿ ತನ್ನ ಜಾಗಕ್ಕೆ ಸರಿದು, ಬೇಕಾದ ಮಾಹಿತಿ ಅದರ ಕೆಳಗೆ ಬರುವವರೆಗೆ ಕಾಯುವುದರಲ್ಲೇ ಒಂದು ಫ್ರೇಮಿನ ಆಯುಸ್ಸಿನ ಬಹುಪಾಲು ಕಳೆದುಹೋಗುತ್ತದೆ. ಮಾಹಿತಿಯನ್ನು ಚಿಪ್ಪುಗಳಲ್ಲಿಡುವ ಎಸ್‌ಎಸ್‌ಡಿಯಲ್ಲಿ ತಿರುಗುವ ವಸ್ತುವೇ ಇಲ್ಲ. ಸೈಬರ್‌ಪಂಕ್‌ನ ನಿರ್ಮಾತೃಗಳೇ 2023ರಲ್ಲಿ ತಮ್ಮ ಆಟಕ್ಕೆ ಎಸ್‌ಎಸ್‌ಡಿ ಕನಿಷ್ಠ ಆವಶ್ಯಕತೆಯೆಂದು ಸಾರಿದ್ದರು. ಸಾಟಾ ತಂತಿಯ ಎಸ್‌ಎಸ್‌ಡಿ ಸೆಕೆಂಡಿಗೆ ಸುಮಾರು 550 ಎಂಬಿ ಓದಿದರೆ, ಬೋರ್ಡಿನ ಮೇಲೆಯೇ ಮಲಗುವ ಎನ್‌ವಿಎಂಇ 3500ರವರೆಗೆ ಓದಬಲ್ಲುದು. ಆದರೂ ಆಟಗಳ ಮಟ್ಟಿಗೆ ಇವೆರಡರ ನಡುವಣ ಅಂತರ ಅಂಕಿಗಳು ಹೇಳುವಷ್ಟು ದೊಡ್ಡದಲ್ಲವೆಂಬುದರಿಂದ, ಯಾವುದು ಅಗ್ಗವೋ ಅದೇ ಯೋಗ್ಯ. ನಾವು 500 ಜಿಬಿಯ ಎನ್‌ವಿಎಂಇ ಹಾಕಿದೆವು. ಹಳೆಯ ಹಾರ್ಡ್ ಡಿಸ್ಕಿನಲ್ಲಿ ಈಗ ಅಕ್ಕನ ಕುಟುಂಬದ ಫೋಟೋಗಳಿವೆ.

ಇಲ್ಲಿಂದ ಮುಂದಣದು ಮದರ್‌ಬೋರ್ಡಿನ ಜಾತಕವನ್ನು ಅವಲಂಬಿಸಿದ ವಿಷಯ. ನಮ್ಮ ಬೀದಿಯ ಇನ್ನೊಬ್ಬ ಹುಡುಗನೂ ಅದೇ ವರ್ಷ, ಹೆಚ್ಚುಕಡಿಮೆ ಅದೇ ಬೆಲೆಗೆ, ಇಂಟೆಲ್‌ನ ಐ5 7400 ಎಂಬ ನಾಲ್ಕು ಕೋರ್‌ಗಳ ಯಂತ್ರವನ್ನು ತಂದಿದ್ದ. 2017ರ ಅಕ್ಟೋಬರಿನಲ್ಲಿ ಇಂಟೆಲ್ ಎಂಟನೆಯ ಪೀಳಿಗೆಯನ್ನು ಬಿಡುಗಡೆ ಮಾಡಿದಾಗ, ಸಾಕೆಟ್ಟಿನ ಸಂಪರ್ಕಬಿಂದುಗಳ ಸಂಖ್ಯೆ ಅದೇ 1151 ಆಗಿದ್ದರೂ, ಹಳೆಯ ಬೋರ್ಡುಗಳಲ್ಲಿ ಹೊಸ ಪ್ರೊಸೆಸರ್ ನಡೆಯದಂತಾಯಿತು. ಆ ಹುಡುಗ ಏರಬಹುದಾದ ಕಟ್ಟಕಡೆಯ ಮೆಟ್ಟಿಲು ಏಳನೆಯ ಪೀಳಿಗೆಯ ಐ7, ಅದೂ ನಾಲ್ಕೇ ಕೋರ್. ನಮ್ಮ ಎಎಂ4 ಸಾಕೆಟ್ಟಿನ ಕಥೆಯೇ ಬೇರೆ. 2017ರಲ್ಲಿ ರೈಜನ್‌ನ ಮೊದಲ ಪೀಳಿಗೆ ಇಳಿದ ಆ ಸಾಕೆಟ್ಟಿಗೆ ಎಎಂಡಿ ವರ್ಷ ವರ್ಷವೂ ಹೊಸ ಪ್ರೊಸೆಸರುಗಳನ್ನು ಕೊಡುತ್ತಲೇ ಬಂತು. ನಮ್ಮಂಥ ಮೊದಲ ಬೋರ್ಡುಗಳಿಗೆ 5000 ಸರಣಿಯನ್ನು ಮೊದಲು ನಿರಾಕರಿಸಿತ್ತಾದರೂ, 2022ರಲ್ಲಿ ಮನಸ್ಸು ಕರಗಿ ಆ ಬಾಗಿಲನ್ನೂ ತೆರೆಯಿತು. ಅದೃಷ್ಟವೆನ್ನಿ, ವಿವೇಕವೆನ್ನಿ, ನನ್ನ ಮಟ್ಟಿಗೆ ಅದು ಅದೃಷ್ಟವೇ, ಏಕೆಂದರೆ ಅಂದು ನಾನು ಆ ಬೋರ್ಡನ್ನು ಆರಿಸಿದುದು ಮುನ್ನೂರು ರೂಪಾಯಿ ಕಡಿಮೆಯೆಂಬ ಕಾರಣಕ್ಕೆ.

ನಾವು ತಂದ ರೈಜನ್ 5 5600 ಏಪ್ರಿಲ್ 2022ರದು. ಹಳೆಯದರಂತೆಯೇ ಆರು ಕೋರ್, ಅದೇ 65 ವ್ಯಾಟ್. ಆದರೆ 14 ನ್ಯಾನೋಮೀಟರಿನಿಂದ 7ಕ್ಕೆ ಇಳಿದ ರಚನೆ, 16 ಎಂಬಿಯಿಂದ 32ಕ್ಕೆ ಏರಿದ ಕ್ಯಾಶ್ ಎಂಬ ಒಳಮೆಮೊರಿ. ಆಟಗಳು ಈ ಕ್ಯಾಶಿಗಾಗಿ ಹಸಿದಿರುತ್ತವೆ. ಅದೇ ಕಪಾಟಿನಲ್ಲಿ ಇನ್ನೂ ಅಗ್ಗಕ್ಕೆ ಕುಳಿತಿರುವ 5500 ಎಂಬ ತಮ್ಮನಿಗೆ ಕ್ಯಾಶ್ 16 ಎಂಬಿ ಮಾತ್ರ. ಹೆಸರಿನ ಒಂದು ಅಂಕಿಯ ವ್ಯತ್ಯಾಸವನ್ನು ಕಂಡು ಅಣ್ಣತಮ್ಮಂದಿರು ಒಂದೇ ಎಂದು ಭ್ರಮಿಸಬೇಡಿ.

ಹೊಸ ಪ್ರೊಸೆಸರನ್ನು ಕೂರಿಸುವ ಮೊದಲು, ಹಳೆಯದು ಇನ್ನೂ ತನ್ನ ಸ್ಥಾನದಲ್ಲಿರುವಾಗಲೇ, ಬೋರ್ಡಿನ ಬಯಾಸನ್ನು ಹೊಸದಾಗಿಸತಕ್ಕದ್ದು. ಕ್ರಮ ತಪ್ಪಿದರೆ ಹೊಸಬನನ್ನು ಬೋರ್ಡ್ ಗುರುತಿಸದೆ ಪರದೆ ಕತ್ತಲಾಗಿಯೇ ಇರುವುದು. ಆ ಕೆಲಸದ ನಡುವೆ ಕರೆಂಟು ಹೋದರೆ ಬೋರ್ಡ್ ಸತ್ತಂತೆಯೇ ಆಗಬಹುದಾದುದರಿಂದ, ಮೇ ತಿಂಗಳ ಬೆಂಗಳೂರಿನ ಸಂಜೆಮಳೆಯನ್ನು ನಂಬದೆ, ಬೆಳಗಿನ ಏಳು ಗಂಟೆಗೆ ಯುಪಿಎಸ್ ಇಟ್ಟುಕೊಂಡು ಕುಳಿತೆವು. ಹತ್ತು ನಿಮಿಷದಲ್ಲಿ ಅದು ಸುಸೂತ್ರವಾಗಿ ಮುಗಿಯಿತು. ಅನಾಹುತ ಆದುದು ಅನಂತರ. ಕೂಲರಿನ ಸ್ಕ್ರೂಗಳನ್ನು ಬಿಚ್ಚಿ ನೇರವಾಗಿ ಮೇಲಕ್ಕೆಳೆದಾಗ, ಎಂಟು ವರ್ಷದಲ್ಲಿ ಗಟ್ಟಿಯಾಗಿದ್ದ ಥರ್ಮಲ್ ಪೇಸ್ಟಿಗೆ ಅಂಟಿಕೊಂಡಿದ್ದ ಪ್ರೊಸೆಸರ್, ಸಾಕೆಟ್ಟಿನ ಬೀಗ ಹಾಕಿದ್ದರೂ, ಬೇರುಸಹಿತ ಕಿತ್ತುಬಂತು. ಎಎಂ4 ಪ್ರೊಸೆಸರಿಗೆ ಕಾಲುಗಳು 1331. ಅವುಗಳಲ್ಲಿ ಎರಡು ಬಾಗಿದ್ದುವು. ಸೀಸ ತೆಗೆದ ಕ್ಲಿಕ್ ಪೆನ್ಸಿಲ್ಲಿನ ಮೂತಿಯನ್ನು ಆ ಕಾಲುಗಳಿಗೆ ತೊಡಿಸಿ, ಉಸಿರು ಬಿಗಿಹಿಡಿದು, ಕೂದಲೆಳೆಯಷ್ಟು ಕೂದಲೆಳೆಯಷ್ಟಾಗಿ ನೇರಮಾಡಿದೆ. ಬಾಗಿದುದು ಹಳೆಯದರ ಕಾಲಲ್ಲವೆ, ಅಷ್ಟೇಕೆ ಶ್ರಮವೆಂದು ಅಳಿಯ ಕೇಳಿದ; ಎಂಟು ವರ್ಷ ದುಡಿದವನನ್ನು ಕುಂಟನನ್ನಾಗಿ ಕಳಿಸಲು ಮನಸ್ಸಾಗಲಿಲ್ಲ. ಬಿಚ್ಚುವ ಮೊದಲು ಯಂತ್ರವನ್ನು ಒಂದಿಷ್ಟು ಹೊತ್ತು ಓಡಿಸಿ ಪೇಸ್ಟನ್ನು ಬಿಸಿಮಾಡಿ, ಯಂತ್ರವನ್ನು ಆರಿಸಿ, ಕೂಲರನ್ನು ಎಳೆಯದೆ ಅತ್ತಿತ್ತ ಮೆಲ್ಲನೆ ತಿರುಚಿ ಬಿಡಿಸುವುದೇ ಸರಿಯಾದ ವಿಧಾನ.

ಇನ್ನು ಎಸ್‌ಎಂಪಿಎಸ್. ಪರದೆಯಲ್ಲಿ ಇದರಿಂದ ಒಂದು ಫ್ರೇಮೂ ಹೆಚ್ಚುವುದಿಲ್ಲವಾದುದರಿಂದ ಇದಕ್ಕೆ ಹಣ ಕೊಡಲು ಯಾರಿಗೂ ಕೈ ಬಾರದು. ನಮ್ಮ ಹಳೆಯದರ ಮೈಮೇಲಿನ ಚೀಟಿಯನ್ನು ಭೂತಗನ್ನಡಿಯಿಂದ ಓದಿದಾಗ, 12 ವೋಲ್ಟಿನ ತಂತಿಯಲ್ಲಿ ಅದು ಕೊಡಬಲ್ಲುದು 20 ಆಂಪಿಯರ್ ಎಂದಿತ್ತು. ಗುಣಿಸಿದರೆ 240 ವ್ಯಾಟ್. ಪ್ರೊಸೆಸರೂ ಗ್ರಾಫಿಕ್ಸ್ ಕಾರ್ಡೂ ಕುಡಿಯುವುದು ಈ 12 ವೋಲ್ಟಿನ ಕೊಳದಿಂದಲೇ ಆದುದರಿಂದ, ಮೇಲೆ ದಪ್ಪಕ್ಷರದಲ್ಲಿ ಬರೆದಿದ್ದ 450 ಅಲಂಕಾರ ಮಾತ್ರವಾಗಿತ್ತು. ಅಂಗಡಿಯೊಂದರಲ್ಲಿ "ಇದೂ 500 ವ್ಯಾಟೇ ಸಾರ್, ಅರ್ಧ ರೇಟು" ಎಂದು ಇನ್ನೊಂದು ಅಂಥದೇ ಡಬ್ಬಿಯನ್ನು ಕೊಡಬಂದರು. ಚೀಟಿ ಓದಿ ಹಿಂದಿರುಗಿಸಿ, 80 ಪ್ಲಸ್ ಬ್ರಾಂಜ್ ಮುದ್ರೆಯ 550 ವ್ಯಾಟಿನದನ್ನು ಬೇರೆಡೆಯಿಂದ ತಂದೆವು. ಕೆಟ್ಟ ಎಸ್‌ಎಂಪಿಎಸ್ ತಾನೊಂದೇ ಸಾಯುವುದಿಲ್ಲ. ಜೊತೆಗೆ ಬೇರೆಯವರನ್ನೂ ಕರೆದೊಯ್ಯುವುದುಂಟು.

ಗ್ರಾಫಿಕ್ಸ್ ಕಾರ್ಡನ್ನು ಕಡೆಗೆ, ಸೆಕೆಂಡ್ ಹ್ಯಾಂಡ್ ಆಗಿ ಕೊಂಡೆವು. 2022ರ ಸೆಪ್ಟೆಂಬರ್ 15ರಂದು ಇಥೀರಿಯಮ್ ಎಂಬ ಕ್ರಿಪ್ಟೊ ಹಣದ ಜಾಲ ತನ್ನ ಕ್ರಮವನ್ನು ಬದಲಿಸಿ, ಕಾರ್ಡುಗಳನ್ನು ಹಗಲಿರುಳು ದುಡಿಸುವ ಮೈನಿಂಗ್ ನಿಂತಮೇಲೆ ಬಳಸಿದ ಕಾರ್ಡುಗಳು ಮಾರುಕಟ್ಟೆಗೆ ರಾಶಿರಾಶಿಯಾಗಿ ಬಂದಿವೆ. ಅವುಗಳಲ್ಲಿ ಗಟ್ಟಿಯೂ ಇವೆ, ಜೊಳ್ಳೂ ಇವೆ. ಆರ್‌ಎಕ್ಸ್ 580 ಎಂಬ ಒಂದೇ ಹೆಸರಿನಲ್ಲಿ 2304 ಘಟಕಗಳ ಅಸಲು ಕಾರ್ಡೂ, 2048 ಘಟಕಗಳ ಬಡಕಲು ಕಾರ್ಡೂ ಸಿಕ್ಕುತ್ತವೆ. ಯಾವುದೋ ಓಬೀರಾಯನ ಕಾಲದ ಕಾರ್ಡಿಗೆ ಹೊಸ ಹೆಸರನ್ನು ಬರೆದು ಮಾರುವವರೂ ಇದ್ದಾರೆ. ಜಿಪಿಯು-ಝಡ್ ಎಂಬ ಪುಕ್ಕಟೆ ತಂತ್ರಾಂಶ ಅಂಥ ವೇಷವನ್ನು ಬಯಲುಮಾಡುವುದು. ಹೊಸದಾಗಿಯೇ ಸಿಕ್ಕುತ್ತಿದ್ದ ಆರ್‌ಎಕ್ಸ್ 6500 ಎಕ್ಸ್‌ಟಿ ಬೆಲೆಯಲ್ಲಿ ಆಸೆ ಹುಟ್ಟಿಸಿದರೂ, ಅದು ಬೋರ್ಡಿನೊಡನೆ ಮಾತನಾಡುವುದು ನಾಲ್ಕೇ ಲೇನುಗಳಲ್ಲಿ. ನಮ್ಮಂಥ ಹಳೆಯ ಪಿಸಿಐಇ 3.0 ಬೋರ್ಡಿನಲ್ಲಿ ಅದಕ್ಕೆ ಉಸಿರುಗಟ್ಟುತ್ತದೆ. ಹಳೆಯ ಬಲಶಾಲಿ ಕಾರ್ಡುಗಳಿಗೂ ಒಂದು ಕೊರತೆಯುಂಟು: ಬೆಳಕಿನ ಹಾದಿಯನ್ನು ಲೆಕ್ಕಹಾಕುವ ರೇ ಟ್ರೇಸಿಂಗ್ ಯಂತ್ರಾಂಶವಿಲ್ಲದ ಕಾರ್ಡುಗಳಲ್ಲಿ ಓಡಲೊಲ್ಲದ ಆಟಗಳು 2024ರಿಂದೀಚೆಗೆ ಬರತೊಡಗಿವೆ, ಇಂಡಿಯಾನ ಜೋನ್ಸ್‌ನ ಆಟ ಅಂಥದು. ಇವನ್ನೆಲ್ಲ ತೂಗಿ ನೋಡಿ ಆರಿಸಿದುದು 8 ಜಿಬಿಯ ಆರ್‌ಎಕ್ಸ್ 6600. ಕುಡಿಯುವುದು 132 ವ್ಯಾಟ್. ಮಾರುವವರ ಮನೆಯಲ್ಲೇ ಅರ್ಧ ಗಂಟೆ ಆಟ ಓಡಿಸಿ, ಫ್ಯಾನಿನ ಸದ್ದನ್ನು ಕೇಳಿ, ಬಿಲ್ಲನ್ನೂ ಸೀರಿಯಲ್ ನಂಬರನ್ನೂ ತಾಳೆ ನೋಡಿದ ಮೇಲೆಯೇ ಹಣ ಕೊಟ್ಟೆವು. ಆ ಮನೆಯಾಕೆ ಕಾಫಿಯನ್ನೂ ಕೊಟ್ಟರು.

ಈಗ ಸೈಬರ್‌ಪಂಕ್ ಅದೇ ಪರದೆಯಲ್ಲಿ, ಮೊದಲಿಗಿಂತ ಎತ್ತರದ ಗುಣಮಟ್ಟದಲ್ಲಿ, ಸೆಕೆಂಡಿಗೆ ಅರುವತ್ತನ್ನು ದಾಟಿ ಓಡುತ್ತಿದೆ. ನಗರದ ನಡುವೆ ಲೋಕ ಸ್ತಬ್ಧವಾಗುವುದು ನಿಂತಿದೆ. ನಾವು ನಿರೀಕ್ಷಿಸದಿದ್ದ ಇನ್ನೊಂದು ಲಾಭವೂ ಸಿಕ್ಕಿತು: 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ಕೊನೆಗೊಂಡಾಗ, ವಿಂಡೋಸ್ 11ರ ಪಟ್ಟಿಯಲ್ಲಿ ಇಲ್ಲದ 1600ರ ಬದಲು ಪಟ್ಟಿಯಲ್ಲಿರುವ 5600 ನಮ್ಮಲ್ಲಿತ್ತು. ಬೀದಿಯ ಆ ಇನ್ನೊಬ್ಬ ಹುಡುಗನ ಏಳನೆಯ ಪೀಳಿಗೆಯ ಇಂಟೆಲ್‌ಗೆ ಆ ಯೋಗವಿಲ್ಲ. ಅವನಿಗೆ ಬೋರ್ಡು, ಪ್ರೊಸೆಸರು ಎರಡನ್ನೂ ಬದಲಿಸೆಂದೇ ಹೇಳಿದ್ದೇನೆ, ಅಲ್ಲಿ ಜೀರ್ಣೋದ್ಧಾರದ ಮಾತು ನಡೆಯದು. ನಮ್ಮ ಹಳೆಯ 1050 ಟಿಐಗೆ ಎಸ್‌ಎಂಪಿಎಸ್‌ನಿಂದ ಬೇರೆ ತಂತಿಯೇ ಬೇಡ, ಬೋರ್ಡಿನಿಂದ ಬರುವ 75 ವ್ಯಾಟಿನಲ್ಲೇ ಜೀವನ ಸಾಗಿಸುವ ಸಾಧು ಅದು. ಆಫೀಸಿನಿಂದ ಹೊರಬಿದ್ದ ಡೆಸ್ಕ್‌ಟಾಪೊಂದನ್ನು ಆಟಕ್ಕೆ ಹೂಡಲಿದ್ದವರೊಬ್ಬರು ನಾಲ್ಕೂವರೆ ಸಾವಿರ ಕೊಟ್ಟು ಅದನ್ನು ಒಯ್ದರು. ಆ ಹಣವನ್ನು ಕಳೆದು ನಮಗೆ ತಗಲಿದ ಒಟ್ಟು ವೆಚ್ಚ 27,400 ರೂಪಾಯಿ. ಉಳಿದ 2,600ಕ್ಕೆ ಬಣ್ಣಬಣ್ಣದ ದೀಪವುಳ್ಳ ಮೂರು ಫ್ಯಾನುಗಳನ್ನು ಕೊಡಿಸಬೇಕೆಂದು ಅಳಿಯ ಪೀಡಿಸುತ್ತಿದ್ದಾನೆ. ನಾನಿನ್ನೂ ಒಪ್ಪಿಲ್ಲ, ಅಕ್ಕನಿಗಂತೂ ಹಣ ಉಳಿದಿರುವ ವಿಷಯವನ್ನೇ ನಾವಿಬ್ಬರೂ ಹೇಳಿಲ್ಲ.